ಉದ್ಯೋಗಸ್ಥಳದಲ್ಲಿ ಅವಿಧೇಯತೆ: ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ

ಮೇಲಿನವರು ಕೊಟ್ಟ ಆದೇಶ ಸ್ಪಷ್ಟವಾಗಿದೆ, ಕಾನೂನಿಗೆ ಒಪ್ಪುವಂತಿದೆ, ಮಾಡಲೂ ಸಾಧ್ಯವಿದೆ. ಆದರೂ ನೌಕರ ಬೇಕೆಂದೇ ಅದನ್ನು ಪಾಲಿಸುವುದಿಲ್ಲ. ಇದು ಅವಿಧೇಯತೆ. ಈ ವಿವರಣೆಯ ಒಂದು ಪದವನ್ನು ತೆಗೆದರೂ ಸಂಗತಿ ಬೇರೆಯಾಗುತ್ತದೆ. ಆದೇಶ ಅರ್ಥವಾಗದೆ ಕೆಲಸ ಕೆಟ್ಟರೆ ಅದು ಗೊಂದಲ. ಬಾರದ ಕೆಲಸ ನಿಂತುಹೋದರೆ ಅದು ತರಬೇತಿಯ ಕೊರತೆ. ಕಾನೂನಿಗೆ ವಿರುದ್ಧವಾದ ಕೆಲಸವನ್ನು ಒಲ್ಲೆನೆಂದರೆ ಅದು ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು. ನಮ್ಮ ಸರ್ಕಾರಿ ಕಡತಗಳಲ್ಲಿ ಇದಕ್ಕೆ ‘ಅವಿಧೇಯತೆ’, ‘ಆಜ್ಞೋಲ್ಲಂಘನೆ’ ಎಂಬ ಹೆಸರುಗಳಿವೆ. ಆಡುಮಾತಿನಲ್ಲಾದರೆ ‘ಮಾತು ಮೀರಿದ’, ‘ಎದುರು ಮಾತಾಡಿದ’, ‘ತಿರುಗಿಬಿದ್ದ’ ಎಂದು ಮೂರು ಬಗೆಯಾಗಿ ಹೇಳುತ್ತೇವೆ. ಮಾತು ಮೀರುವುದು ಕೆಲಸಕ್ಕೆ ಸಂಬಂಧಿಸಿದ್ದು, ಎದುರು ಮಾತು ನಾಲಿಗೆಗೆ ಸಂಬಂಧಿಸಿದ್ದು, ತಿರುಗಿಬೀಳುವುದು ಅಧಿಕಾರಕ್ಕೆ ಸಂಬಂಧಿಸಿದ್ದು. ಕಚೇರಿಗಳಲ್ಲಿ ಆಗುವ ಅನ್ಯಾಯಗಳಲ್ಲಿ ಬಹಳಷ್ಟು ಈ ಮೂರನ್ನೂ ಒಂದೇ ಕಟ್ಟಿನಲ್ಲಿ ಕಟ್ಟುವುದರಿಂದಲೇ ಹುಟ್ಟುತ್ತವೆ.

ಈ ವಿಷಯವನ್ನು ಅರಿಯಲು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಷ್ಟು ತಕ್ಕ ಜಾಗ ಇನ್ನೊಂದಿಲ್ಲ. ಮೇಲಿನವರ ಮಾತನ್ನು ಮೀರಿದ್ದಕ್ಕೆ ಐವತ್ತು ಜನ ಸೆರೆಮನೆ ಸೇರಿದ್ದು ಇಲ್ಲಿ. ಮೇಲಿನವರನ್ನು ಧಿಕ್ಕರಿಸಿ ಹೊರನಡೆದ ಎಂಟು ಜನರಿಂದ ಒಂದು ಉದ್ಯಮ ಬೆಳೆದು ನಿಂತದ್ದೂ ಇಲ್ಲೇ. ಮಾತು ಮೀರಿದ ಎಂಜಿನಿಯರ್‌ಗೆ ಪದಕ ಕೊಟ್ಟ ಕಂಪನಿಯೂ ಇಲ್ಲಿಯದೇ.

ಪೋರ್ಟ್ ಶಿಕಾಗೊ, 1944

ಸ್ಯಾನ್ ಫ್ರಾನ್ಸಿಸ್ಕೊದ ಈಶಾನ್ಯಕ್ಕೆ, ಸುಯ್ಸನ್ ಕೊಲ್ಲಿಯ ದಂಡೆಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ನೌಕಾಪಡೆಯ ಮದ್ದುಗುಂಡಿನ ಬಂದರೊಂದಿತ್ತು. ಪೆಸಿಫಿಕ್ ಯುದ್ಧಕ್ಕೆ ಹೋಗುವ ಬಾಂಬು, ಶೆಲ್ಲುಗಳನ್ನು ಹಡಗಿಗೆ ತುಂಬುತ್ತಿದ್ದವರೆಲ್ಲ ಕಪ್ಪು ನಾವಿಕರು, ಅಪ್ಪಣೆ ಕೊಡುತ್ತಿದ್ದವರೆಲ್ಲ ಬಿಳಿಯ ಅಧಿಕಾರಿಗಳು. ಸ್ಫೋಟಕಗಳನ್ನು ಹೇಗೆ ಹಿಡಿಯಬೇಕು ಎಂಬ ಸರಿಯಾದ ತರಬೇತಿಯನ್ನು ನಾವಿಕರಿಗೆ ಯಾರೂ ಕೊಟ್ಟಿರಲಿಲ್ಲ. ಯಾವ ತಂಡ ಹೆಚ್ಚು ಟನ್ ತುಂಬುತ್ತದೆ ಎಂದು ಅಧಿಕಾರಿಗಳು ತಮ್ಮತಮ್ಮಲ್ಲೇ ಪಂದ್ಯ ಕಟ್ಟುತ್ತಿದ್ದರು. 1944ರ ಜುಲೈ 17ರ ರಾತ್ರಿ ಹತ್ತು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಸರಕು ತುಂಬುತ್ತಿದ್ದ ‘ಇ. ಎ. ಬ್ರಯಾನ್’ ಹಡಗು ಸಿಡಿಯಿತು. ಪಕ್ಕದ ‘ಕ್ವಿನಾಲ್ಟ್ ವಿಕ್ಟರಿ’ಯೂ ಛಿದ್ರವಾಯಿತು. 320 ಜನ ಸತ್ತರು. ಅವರಲ್ಲಿ 202 ಮಂದಿ ಕಪ್ಪು ನಾವಿಕರು.

ಬದುಕುಳಿದವರಿಗೆ ಸಹನಾವಿಕರ ದೇಹದ ತುಂಡುಗಳನ್ನು ಆಯುವ ಕೆಲಸ ಬಂತು. ಅಧಿಕಾರಿಗಳಿಗೆ ರಜೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಮೂರು ವಾರ ಕಳೆದು ಆಗಸ್ಟ್ 9ರಂದು ವಲ್ಲೆಹೋ ಊರಿನ ಮೇರ್ ಐಲೆಂಡ್ ನೌಕಾನೆಲೆಯಲ್ಲಿ ಅವರನ್ನು ಸಾಲಾಗಿ ನಡೆಸಿಕೊಂಡು ಹೊರಟರು. ಒಂದು ಕಡೆ ದಾರಿ ಕವಲೊಡೆಯುತ್ತಿತ್ತು. ಒಂದು ಕವಲು ಕವಾಯತು ಮೈದಾನಕ್ಕೆ, ಇನ್ನೊಂದು ಮದ್ದುಗುಂಡು ತುಂಬುವ ಕಡೆಗೆ ಸಾಗಿಸುವ ದೋಣಿಗೆ. ದೋಣಿಯ ಕಡೆ ತಿರುಗಿರಿ ಎಂಬ ಅಪ್ಪಣೆ ಬಂತು. ಸಾಲು ನಿಂತುಬಿಟ್ಟಿತು. ಯಾರೂ ಕೈ ಎತ್ತಲಿಲ್ಲ, ಯಾರೂ ಓಡಲಿಲ್ಲ. ಬೇರೆ ಯಾವ ಕೆಲಸ ಹೇಳಿದರೂ ಮಾಡುತ್ತೇವೆ, ಮದ್ದುಗುಂಡು ಮಾತ್ರ ಮುಟ್ಟಲಾರೆವು, ಭಯವಾಗುತ್ತದೆ ಎಂದು ಹಲವರು ಹೇಳಿದರು.

ಹೀಗೆ ನಿಂತವರು 258 ಜನ. ಅವರನ್ನು ಒಂದು ಬಾರ್ಜಿನಲ್ಲಿ ಮೂರು ದಿನ ಕೂಡಿಹಾಕಿದರು. ಅಡ್ಮಿರಲ್ ಕಾರ್ಲ್‌ಟನ್ ರೈಟ್ ಬಂದು, ಯುದ್ಧಕಾಲದ ದಂಗೆಗೆ ಮರಣದಂಡನೆ ಇದೆಯೆಂದು ಎಚ್ಚರಿಸಿದ. ಬಹುಪಾಲು ಜನ ಕೆಲಸಕ್ಕೆ ಮರಳಲು ಒಪ್ಪಿದರು. ಐವತ್ತು ಜನರ ಮೇಲೆ ಮಾತ್ರ ದಂಗೆಯ ಆರೋಪ ಬಿತ್ತು. ಆ ಐವತ್ತರಲ್ಲಿ ಮಣಿಕಟ್ಟು ಮುರಿದು ಪಟ್ಟಿ ಹಾಕಿಸಿಕೊಂಡಿದ್ದ ಒಬ್ಬನೂ ಇದ್ದ. ಅವನಿಂದ ಶೆಲ್ ಎತ್ತಿಸುವುದೇ ಸಾಧ್ಯವಿರಲಿಲ್ಲ. ವಿಚಾರಣೆ ಟ್ರೆಷರ್ ಐಲೆಂಡ್‌ನಲ್ಲಿ ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ನಡೆಯಿತು. ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಬಂದು ಕೂತು ಅದನ್ನು ನೋಡಿದರು. ಒಬ್ಬೊಬ್ಬರೂ ಭಯದಿಂದ ಅಪ್ಪಣೆ ಮೀರಿದ್ದು ಬೇರೆ, ಸಂಚು ಮಾಡಿ ಅಧಿಕಾರ ಕಸಿಯುವುದು ಬೇರೆ ಎಂದು ರಕ್ಷಣೆಯ ವಕೀಲರು ವಾದಿಸಿದರು. ನ್ಯಾಯಮಂಡಳಿ ಆ ವ್ಯತ್ಯಾಸಕ್ಕೆ ಕಿವಿಗೊಡಲಿಲ್ಲ, ಐವತ್ತು ಜನರೂ ತಪ್ಪಿತಸ್ಥರಾದರು. ಕೊನೆಗೆ ನಿಂತ ಶಿಕ್ಷೆ 8ರಿಂದ 15 ವರ್ಷ. ಯುದ್ಧ ಮುಗಿದ ಮೇಲೆ 1946ರಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಆದರೆ ಕಳಂಕ ಹೋಗಲಿಲ್ಲ. 1999ರಲ್ಲಿ ಫ್ರೆಡ್ಡಿ ಮೀಕ್ಸ್ ಎಂಬ ಒಬ್ಬರಿಗೆ ಅಧ್ಯಕ್ಷ ಕ್ಲಿಂಟನ್ ಕ್ಷಮೆ ನೀಡಿದರು. 2024ರ ಜುಲೈ 17ರಂದು, ಸ್ಫೋಟಕ್ಕೆ ಸರಿಯಾಗಿ 80 ವರ್ಷ ತುಂಬಿದ ದಿನ, ಆ ಐವತ್ತು ಜನ ಸೇರಿದಂತೆ ಅಂದು ನಿಂತವರಲ್ಲಿ 256 ಜನರನ್ನು ನೌಕಾಪಡೆ ದೋಷಮುಕ್ತರೆಂದು ಘೋಷಿಸಿತು.

ಇದು ಸೈನ್ಯದ ಪ್ರಕರಣ, ಕಚೇರಿಯದಲ್ಲ. ಆದರೂ ಇದನ್ನೇ ಮೊದಲು ಹೇಳಲು ಕಾರಣವಿದೆ. ಆಗಸ್ಟ್ 9ರಂದು ಆ ಕವಲಿನಲ್ಲಿ ನಿಂತವರನ್ನು ‘ಯಾಕಪ್ಪಾ ಒಲ್ಲೆ ಅಂತೀರಿ?’ ಎಂದು ಕೇಳಿ, ಬಂದ ಉತ್ತರವನ್ನು ಸುರಕ್ಷತೆಯ ದೂರೆಂದು ಬರೆದುಕೊಂಡಿದ್ದರೆ ಐವತ್ತು ಜನರ ಬಾಳು ಬೇರೆಯಾಗುತ್ತಿತ್ತು. ಒಲ್ಲೆ ಎಂಬ ಮಾತು ಬಹಳ ಸಲ ಸುದ್ದಿಯನ್ನು ಹೊತ್ತು ಬರುತ್ತದೆ. ಆ ಸುದ್ದಿ ಏನೆಂದು ಕೇಳುವ ಮೊದಲೇ ಅದಕ್ಕೆ ಧಿಕ್ಕಾರವೆಂಬ ಹೆಸರಿಟ್ಟುಬಿಡುತ್ತೇವೆ.

ಪ್ರಮಾಣಪತ್ರ, ಎಂಟು ಜನ, ಒಂದು ಪದಕ

1949ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ತಾವು ಕಮ್ಯುನಿಸ್ಟರಲ್ಲವೆಂದು ಪ್ರಾಧ್ಯಾಪಕರೆಲ್ಲ ಪ್ರಮಾಣ ಮಾಡಿ ಸಹಿ ಹಾಕಬೇಕೆಂದಿತು. ಬರ್ಕ್ಲಿಯ ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್ ಸಹಿ ಹಾಕದೆ ನಿಂತವರ ಮುಂದಾಳಾದರು. 1950ರ ಆಗಸ್ಟ್‌ನಲ್ಲಿ 31 ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಅವರ ಪಾಠದಲ್ಲಿ, ಸಂಶೋಧನೆಯಲ್ಲಿ ಯಾರೂ ಕುಂದು ಕಂಡಿರಲಿಲ್ಲ, ಹೇಳಿದ್ದಕ್ಕೆ ಸಹಿ ಹಾಕಲಿಲ್ಲ ಎಂಬುದೊಂದೇ ದೋಷ. 1952ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ವಜಾಗೊಂಡವರಲ್ಲಿ ಒಬ್ಬರಾದ ಭೌತವಿಜ್ಞಾನಿ ಡೇವಿಡ್ ಸ್ಯಾಕ್ಸನ್ 1975ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.

ಮೌಂಟನ್ ವ್ಯೂ ಊರಿನ ಸ್ಯಾನ್ ಆಂಟೋನಿಯೊ ರಸ್ತೆಯಲ್ಲಿ ವಿಲಿಯಂ ಶಾಕ್ಲಿ ಅರೆವಾಹಕಗಳ ಪ್ರಯೋಗಾಲಯ ತೆರೆದದ್ದು 1956ರಲ್ಲಿ. ಅದೇ ವರ್ಷ ಅವನಿಗೆ ನೊಬೆಲ್ ಬಂತು. ಅಂಥ ಜಾಣನಿಗೆ ಜನರನ್ನು ನಡೆಸಿಕೊಳ್ಳಲು ಬರುತ್ತಿರಲಿಲ್ಲ. ನೌಕರರೊಬ್ಬರ ಕೈಗೆ ಸಣ್ಣ ಮೊಳೆ ಚುಚ್ಚಿದ್ದಕ್ಕೆ ಯಾರೋ ಬೇಕೆಂದೇ ಹೀಗೆ ಮಾಡಿದ್ದಾರೆಂದು ಅನುಮಾನಿಸಿ, ಸುಳ್ಳುಪತ್ತೆ ಯಂತ್ರದ ಪರೀಕ್ಷೆಗೆ ಕೂರಬೇಕೆಂದು ಹಟ ಹಿಡಿದ. ನೌಕರರು ಒಪ್ಪಲಿಲ್ಲ. ಕೆಲವರು ಶಾಕ್ಲಿಯ ತಲೆಯ ಮೇಲಿಂದ ಹಾದು ಬಂಡವಾಳ ಹಾಕಿದ್ದ ಆರ್ನಲ್ಡ್ ಬೆಕ್ಮನ್ ಬಳಿಗೇ ಹೋದರು. ಬೆಕ್ಮನ್ ಮೊದಲು ಕಿವಿಗೊಟ್ಟು, ಆಮೇಲೆ ಹಿಂದೆ ಸರಿದ. 1957ರ ಸೆಪ್ಟೆಂಬರ್‌ನಲ್ಲಿ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಸೇರಿ ಎಂಟು ಜನ ರಾಜೀನಾಮೆ ಕೊಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಚರಿತ್ರೆಯಲ್ಲಿ ಅವರಿಗೆ ‘ದ್ರೋಹಿ ಎಂಟು’ ಎಂಬ ಹೆಸರು ಉಳಿದಿದೆ. 1968ರಲ್ಲಿ ನಾಯ್ಸ್ ಮತ್ತು ಮೂರ್ ಇಂಟೆಲ್ ಶುರುಮಾಡಿದರು. ಕೆಲಸ ಬಿಟ್ಟವನು ಎದುರಾಳಿ ಕಂಪನಿ ಸೇರಬಾರದೆಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಒಲ್ಲದ ನೌಕರನಿಗೆ ಬಾಗಿಲು ತೆರೆದೇ ಇರುತ್ತದೆ, ಮಾಲೀಕನೂ ಅದನ್ನು ನೆನಪಿಟ್ಟುಕೊಂಡೇ ದನಿ ಏರಿಸಬೇಕಾಗುತ್ತದೆ.

ಪಾಲೊ ಆಲ್ಟೊದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಕೊಲೊರಾಡೊ ಶಾಖೆಯಲ್ಲಿ ಚಕ್ ಹೌಸ್ ಎಂಬ ಎಂಜಿನಿಯರ್ ದೊಡ್ಡ ಪರದೆಯ ಮಾನಿಟರ್ ಒಂದನ್ನು ರೂಪಿಸುತ್ತಿದ್ದ. ಡೇವಿಡ್ ಪ್ಯಾಕರ್ಡ್ ಬಂದು ನೋಡಿ, ಮುಂದಿನ ವರ್ಷ ಇದು ಲ್ಯಾಬಿನಲ್ಲಿ ಇರಕೂಡದು ಎಂದುಬಿಟ್ಟ. ಹೌಸ್ ಅದನ್ನು ಬಿಡಲಿಲ್ಲ, ಗ್ರಾಹಕರಿಗೆ ತೋರಿಸಿ ಬೇಡಿಕೆ ಇದೆಯೆಂದು ಖಚಿತಮಾಡಿಕೊಂಡು ತಯಾರಿಕೆಗೇ ಒಯ್ದ. ಮುಂದಿನ ವರ್ಷ ಪ್ಯಾಕರ್ಡ್ ಬಂದಾಗ ಅದು ನಿಜಕ್ಕೂ ಲ್ಯಾಬಿನಲ್ಲಿ ಇರಲಿಲ್ಲ, ಕಾರ್ಖಾನೆಯಲ್ಲಿತ್ತು. ಕಂಪನಿ ಅಂಥ 17 ಸಾವಿರಕ್ಕೂ ಹೆಚ್ಚು ಮಾನಿಟರ್ ಮಾರಿ 3.5 ಕೋಟಿ ಡಾಲರ್ ಗಳಿಸಿತು. 1982ರಲ್ಲಿ ಪ್ಯಾಕರ್ಡ್ ಅವನಿಗೆ ಧಿಕ್ಕಾರಕ್ಕೆಂದೇ ಒಂದು ಪದಕ ಕೊಟ್ಟ. ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇದನ್ನು ಬಹಳ ಮೆಚ್ಚಿ ಹೇಳುತ್ತಾರೆ. ನನಗೆ ಅಷ್ಟು ಸಮಾಧಾನವಿಲ್ಲ. ಮಾನಿಟರ್ ಮಾರಾಟವಾಗದೆ ಉಳಿದಿದ್ದರೆ ಪದಕದ ಜಾಗದಲ್ಲಿ ನೋಟಿಸ್ ಬರುತ್ತಿತ್ತೇನೋ. ಕೆಲಸ ಗೆದ್ದ ಮೇಲೆ ಧಿಕ್ಕಾರವನ್ನು ಕ್ಷಮಿಸುವುದು ಸುಲಭ. ಅದು ಸೋಲೋ ಗೆಲುವೋ ತಿಳಿಯುವ ಮೊದಲೇ ನ್ಯಾಯವಾಗಿ ನಡೆದುಕೊಳ್ಳುವುದು ಕಷ್ಟ.

ಕಾನೂನಿನ ನೋಟ

ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2922ನೆಯ ಕಲಮಿನಂತೆ ಅವಧಿ ಗೊತ್ತುಮಾಡದ ಉದ್ಯೋಗವನ್ನು ಮಾಲೀಕ, ನೌಕರ ಇಬ್ಬರಲ್ಲಿ ಯಾರು ಬೇಕಾದರೂ ಕೊನೆಗೊಳಿಸಬಹುದು, ಕಾರಣ ಹೇಳಬೇಕಿಲ್ಲ. ಇದನ್ನು ಓದಿ, ಅವಿಧೇಯತೆಯ ಚರ್ಚೆಯೇ ಬೇಕಿಲ್ಲ, ಬೇಡವಾದವನನ್ನು ಕಳುಹಿಸಿದರಾಯಿತು ಎಂದುಕೊಳ್ಳುವ ಮ್ಯಾನೇಜರ್‌ಗಳಿದ್ದಾರೆ. ಕಾರಣವಿಲ್ಲದೆ ತೆಗೆಯಬಹುದು, ತಪ್ಪು ಕಾರಣಕ್ಕೆ ತೆಗೆಯುವಂತಿಲ್ಲ. ಅದೇ ಸಂಹಿತೆಯ 2856ನೆಯ ಕಲಮು ನೌಕರ ಮಾಲೀಕನ ಸೂಚನೆಗಳನ್ನು ಪಾಲಿಸಬೇಕೆಂದು ಹೇಳಿ, ಜೊತೆಗೇ ವಿನಾಯಿತಿಯನ್ನೂ ಇಟ್ಟಿದೆ: ಪಾಲಿಸುವುದು ಅಸಾಧ್ಯವಾದರೆ, ಕಾನೂನಿಗೆ ವಿರುದ್ಧವಾದರೆ, ನೌಕರನ ಮೇಲೆ ಹೊಸದಾಗಿ ಅನ್ಯಾಯದ ಹೊರೆ ಹೊರಿಸುವಂತಿದ್ದರೆ ಪಾಲಿಸಬೇಕಿಲ್ಲ.

ತಪ್ಪು ಕಾರಣಕ್ಕೆ ತೆಗೆಯುವಂತಿಲ್ಲ ಎಂಬ ಮಾತಿನ ಹಿಂದೆ ಜನರ ಬಾಳಿನ ಕಥೆಗಳಿವೆ. 1959ರ ಪೀಟರ್‌ಮನ್ ಪ್ರಕರಣದಲ್ಲಿ ಟೀಮ್‌ಸ್ಟರ್ಸ್ ಎಂಬ ಕಾರ್ಮಿಕ ಸಂಘದ ನೌಕರನೊಬ್ಬನಿಗೆ ಶಾಸನಸಭೆಯ ಸಮಿತಿಯ ಮುಂದೆ ಸುಳ್ಳು ಸಾಕ್ಷಿ ಹೇಳೆಂದು ಅಪ್ಪಣೆಯಾಗಿತ್ತು. ಅವನು ನಿಜ ಹೇಳಿದ, ಮರುದಿನವೇ ಕೆಲಸ ಹೋಯಿತು. ಅಂಥ ವಜಾ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ನ್ಯಾಯಾಲಯ ಹೇಳಿತು. 1980ರ ಟ್ಯಾಮ್ನಿ ಪ್ರಕರಣದಲ್ಲಿ, ಪೆಟ್ರೋಲ್ ಬೆಲೆಯನ್ನು ಕಾನೂನುಬಾಹಿರವಾಗಿ ಕಟ್ಟಿಹಾಕಲು ಒಪ್ಪದ್ದಕ್ಕೇ ತನ್ನನ್ನು ತೆಗೆದರೆಂದು ಎಣ್ಣೆ ಕಂಪನಿಯ ನೌಕರ ದೂರಿದಾಗ, ಹಾಗೆ ತೆಗೆದ ಮಾಲೀಕ ಪರಿಹಾರ ತೆರಬೇಕಾಗುತ್ತದೆ ಎಂಬ ತತ್ವವನ್ನು ರಾಜ್ಯದ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತು. ಕಣ್ಣಿಗೆ ಕಾಣುವ ಅಪಾಯವಿರುವ, ಸುರಕ್ಷತಾ ನಿಯಮ ಮುರಿದ ಜಾಗದಲ್ಲಿ ಕೆಲಸ ಒಲ್ಲೆನೆಂದವನನ್ನು ಶಿಕ್ಷಿಸುವಂತಿಲ್ಲವೆಂದು 6311ನೆಯ ಕಲಮು ಹೇಳುತ್ತದೆ. ಪೋರ್ಟ್ ಶಿಕಾಗೊದ ನಾವಿಕರಿಗೆ ಇಂಥದ್ದೊಂದು ಆಸರೆ ಇರಲಿಲ್ಲ.

ಹಲವರು ಸೇರಿ ಕೆಲಸದ ಪರಿಸ್ಥಿತಿಯ ಬಗ್ಗೆ ದನಿ ಎತ್ತಿದರೆ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯ ಏಳನೆಯ ಕಲಮು ಕಾಯುತ್ತದೆ, ಅದಕ್ಕೆ ಸಂಘ ಇರಲೇಬೇಕೆಂದಿಲ್ಲ. ಬಾಲ್ಟಿಮೋರ್‌ನ ಅಲ್ಯೂಮಿನಿಯಂ ಕಾರ್ಖಾನೆಯೊಂದರಲ್ಲಿ ಕುಲುಮೆ ಕೆಟ್ಟ ಕೊರೆಯುವ ಚಳಿಯ ದಿನ ಏಳು ಜನ ಅನುಮತಿಯಿಲ್ಲದೆ ಹೊರನಡೆದು ಕೆಲಸ ಕಳೆದುಕೊಂಡಿದ್ದರು. 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. 2024ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ನಿಯಮ ಬಂದಿದೆ. ನೌಕರ ವೇತನದ ಬಗ್ಗೆಯೋ ಕಾನೂನು ಉಲ್ಲಂಘನೆಯ ಬಗ್ಗೆಯೋ ದೂರು ಕೊಟ್ಟ 90 ದಿನದೊಳಗೆ ಶಿಕ್ಷೆಯಾದರೆ, ಅದು ಸೇಡಿನ ಕ್ರಮವೆಂದೇ ಮೊದಲು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು.

ನಿರುದ್ಯೋಗ ಭತ್ಯೆಯ ನಿಯಮಾವಳಿ ಅವಿಧೇಯತೆಯನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಸಕಾರಣವಿಲ್ಲದೆ ನ್ಯಾಯವಾದ ಅಪ್ಪಣೆಯನ್ನು ಮೀರುವುದು, ತನಗಿಲ್ಲದ ಅಧಿಕಾರವನ್ನು ಚಲಾಯಿಸುವುದು, ಮಾಲೀಕನ ಹಿತಕ್ಕೆ ಧಕ್ಕೆಯಾಗುವಂತೆ ಮಿತಿಮೀರಿ ಮಾತಾಡುವುದು, ಹೊಲಸು ಬಯ್ಗುಳ ಬಳಸುವುದು, ಇವು ನಾಲ್ಕು. ಬಯ್ಗುಳದ ವಿಷಯದಲ್ಲಿ ಆ ಜಾಗದ ವಾಡಿಕೆಯ ತಮಾಷೆಯ ಮಾತನ್ನು ಅದು ಹೊರತುಪಡಿಸುತ್ತದೆ. ಬಂದರಿನ ಮಾತು ಬೇರೆ, ಬ್ಯಾಂಕಿನ ಮಾತು ಬೇರೆ ಎಂಬ ತಿಳಿವಳಿಕೆ ಇದು.

ಕಂಪ್ಯೂಟರ್ ಕಂಪನಿಗಳ ಕಾಲ

2018ರಲ್ಲಿ ಗೂಗಲ್ ಒಂದರಲ್ಲೇ ಒಲ್ಲೆ ಎಂಬ ಮಾತು ಎರಡು ಬಗೆಯಲ್ಲಿ ಕೇಳಿಬಂತು. ರಕ್ಷಣಾ ಇಲಾಖೆಗೆ ಡ್ರೋನ್ ಚಿತ್ರಗಳನ್ನು ಕಂಪ್ಯೂಟರ್‌ನಿಂದ ಓದಿಸುವ ‘ಮೇವನ್’ ಯೋಜನೆ ಬೇಡವೆಂದು ಏಪ್ರಿಲ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ನೌಕರರು ಪತ್ರಕ್ಕೆ ಸಹಿ ಹಾಕಿದರು. ಜೂನ್‌ನಲ್ಲಿ ಕಂಪನಿ ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದಿತು. ಲೈಂಗಿಕ ಕಿರುಕುಳದ ಆರೋಪ ಹೊತ್ತ ಹಿರಿಯ ಅಧಿಕಾರಿಗೆ ದೊಡ್ಡ ಮೊತ್ತ ಕೊಟ್ಟು ಕಳುಹಿಸಿದ ಸುದ್ದಿ ಹೊರಬಿದ್ದಾಗ, ನವೆಂಬರ್ 1ರಂದು ಜಗತ್ತಿನಾದ್ಯಂತ ಸುಮಾರು 20 ಸಾವಿರ ಜನ ಮೇಜು ಬಿಟ್ಟು ಹೊರಬಂದರು. ಆ ದಿನದ ಹೊರನಡಿಗೆಗೆ ಕಂಪನಿ ಅಡ್ಡಿಮಾಡಲಿಲ್ಲ, ನೌಕರರ ದೂರು ಕೋರ್ಟಿಗೆ ಹೋಗದಂತೆ ತಡೆಯುತ್ತಿದ್ದ ಕಡ್ಡಾಯ ಮಧ್ಯಸ್ಥಿಕೆಯ ಕರಾರನ್ನು ಮುಂದಿನ ವರ್ಷ ಕೈಬಿಟ್ಟಿತು. 2024ರ ಏಪ್ರಿಲ್ 16ರಂದು ಇಸ್ರೇಲ್ ಸರ್ಕಾರದ ಜೊತೆಗಿನ ‘ನಿಂಬಸ್’ ಒಪ್ಪಂದವನ್ನು ವಿರೋಧಿಸಿ ನ್ಯೂಯಾರ್ಕ್ ಮತ್ತು ಸನಿವೇಲ್ ಕಚೇರಿಗಳಲ್ಲಿ ನೌಕರರು ಧರಣಿ ಕೂತರು. ಸನಿವೇಲ್‌ನಲ್ಲಿ ಅವರು ಕೂತದ್ದು ಬೆಂಗಳೂರಿನಲ್ಲಿ ಶಾಲೆ ಓದಿದ, ಆಗ ಗೂಗಲ್ ಕ್ಲೌಡ್ ವಿಭಾಗದ ಮುಖ್ಯಸ್ಥರಾಗಿದ್ದ ಥಾಮಸ್ ಕುರಿಯನ್ ಅವರ ಕೊಠಡಿಯಲ್ಲೇ. ಒಂಬತ್ತು ಜನರ ಬಂಧನವಾಯಿತು, ಮರುದಿನ 28 ಜನ ಕೆಲಸ ಕಳೆದುಕೊಂಡರು, ಮುಂದೆ ಆ ಸಂಖ್ಯೆ ಸುಮಾರು ಐವತ್ತಕ್ಕೆ ಏರಿತು.

ಪತ್ರ, ಹೊರನಡಿಗೆ, ಧರಣಿ ಈ ಮೂರರ ನಡುವೆ ಗೆರೆ ಎಲ್ಲಿ ಎಂಬುದರಲ್ಲಿ ಜನರಿಗೆ ಭಿನ್ನಾಭಿಪ್ರಾಯವಿದೆ, ಇರಲಿ. ನನಗೆ ತೋರುವುದು ಇಷ್ಟು: ಇತರರ ಕೆಲಸಕ್ಕೆ ಅಡ್ಡ ಬಂದಿದೆಯೇ ಎಂದು ಕೇಳಿದರೆ ಗೆರೆ ಸ್ವಲ್ಪ ನಿಚ್ಚಳವಾಗುತ್ತದೆ. ಬರಿಯ ಅಸಮ್ಮತಿ ಅಷ್ಟಕ್ಕೇ ಅವಿಧೇಯತೆಯಾಗುವುದಿಲ್ಲ.

ಮ್ಯಾನೇಜರ್ ಏನು ಮಾಡಬೇಕು

ಮೊದಲ ಕೆಲಸ ಆ ಗಳಿಗೆಯನ್ನು ದಾಟುವುದು. ಹತ್ತು ಜನರೆದುರು ‘ನಾನು ಮಾಡಲ್ಲ’ ಎಂದವನಿಗೆ ಹತ್ತು ಜನರೆದುರೇ ಉತ್ತರ ಕೊಟ್ಟರೆ ಇಬ್ಬರಿಗೂ ಹಿಂದೆ ಸರಿಯಲು ಜಾಗ ಉಳಿಯುವುದಿಲ್ಲ. ಒಂದು ಗಂಟೆ ಬಿಟ್ಟು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿಕೊಂಡು, ಆದೇಶವನ್ನು ಇನ್ನೊಮ್ಮೆ ಬಿಡಿಸಿ ಹೇಳಿ, ಅವನಿಗೆ ಏನು ಅರ್ಥವಾಗಿತ್ತೆಂದು ಅವನ ಬಾಯಿಂದಲೇ ಕೇಳಬೇಕು. ಅರ್ಧ ಜಗಳಗಳು ಇಲ್ಲೇ ಕರಗುತ್ತವೆ, ಏಕೆಂದರೆ ಮ್ಯಾನೇಜರ್ ಕೊಟ್ಟದ್ದು ಆದೇಶವೋ ಸಲಹೆಯೋ ಎಂಬುದು ಬಹಳ ಸಲ ಮ್ಯಾನೇಜರ್‌ಗೇ ಖಚಿತವಿರುವುದಿಲ್ಲ. ‘ಇದನ್ನು ಶುಕ್ರವಾರದೊಳಗೆ ನೋಡಬಹುದಾ?’ ಎಂದವರು ಶನಿವಾರ ಅದನ್ನು ಅಪ್ಪಣೆಯೆಂದರೆ ನ್ಯಾಯವಲ್ಲ.

ಆಮೇಲೂ ಒಲ್ಲೆನೆಂದರೆ ಕಾರಣ ಕೇಳಬೇಕು. ಸುರಕ್ಷತೆ, ಕಾನೂನು, ಆರೋಗ್ಯ, ಧರ್ಮಾಚರಣೆ, ವೇತನ ಇವುಗಳಲ್ಲಿ ಯಾವುದು ಕಾರಣದೊಳಗೆ ಸುಳಿದರೂ ಶಿಸ್ತಿನ ಮಾತನ್ನು ಅಲ್ಲಿಗೆ ನಿಲ್ಲಿಸಿ ಆ ದೂರನ್ನು ಮೊದಲು ತನಿಖೆ ಮಾಡಬೇಕು. ಅಂಥದ್ದೇನೂ ಇಲ್ಲದಿದ್ದರೆ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಬೆದರಿಕೆಯ ದನಿಯಿಲ್ಲದೆ ನೇರವಾಗಿ ಹೇಳಬೇಕು. ಆಡಿದ ಮಾತು, ಹೊತ್ತು, ಅಲ್ಲಿದ್ದವರು ಎಲ್ಲವನ್ನೂ ಅದೇ ದಿನ ಬರೆದಿಡಬೇಕು. ‘ಅವನ ವರ್ತನೆ ಸರಿಯಿಲ್ಲ’ ಎಂಬ ಸಾಲು ಎಲ್ಲಿಯೂ ನಿಲ್ಲದು. ‘ಮಂಗಳವಾರ ಮೂರು ಗಂಟೆಗೆ ಎರಡನೆಯ ಸಲ ಕೇಳಿದಾಗ ಮಾಡುವುದಿಲ್ಲ ಎಂದರು’ ಎಂಬ ಸಾಲು ನಿಲ್ಲುತ್ತದೆ.

ಶಿಕ್ಷೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು 1966ರಲ್ಲಿ ಕ್ಯಾರಲ್ ಡಾಹರ್ಟಿ ಎಂಬ ಮಧ್ಯಸ್ಥಗಾರ ಒಂದು ತೀರ್ಪಿನಲ್ಲಿ ಏಳಾಗಿ ವಿಂಗಡಿಸಿದ. ಮುನ್ಸೂಚನೆ ಕೊಟ್ಟಿದ್ದರೇ, ನಿಯಮ ನ್ಯಾಯವಾಗಿದೆಯೇ, ಮೊದಲೇ ತನಿಖೆ ನಡೆಯಿತೇ, ಅದು ಪಕ್ಷಪಾತವಿಲ್ಲದೆ ನಡೆಯಿತೇ, ಪುರಾವೆ ಇದೆಯೇ, ಎಲ್ಲರಿಗೂ ಒಂದೇ ಅಳತೆಯೇ, ಶಿಕ್ಷೆ ತಪ್ಪಿಗೆ ತಕ್ಕುದಾಗಿದೆಯೇ. ಕಾರ್ಮಿಕ ಸಂಘಗಳಿರುವ ಕಡೆ ಇಂದಿಗೂ ಇವು ಬಳಕೆಯಲ್ಲಿವೆ. ಇವುಗಳಲ್ಲಿ ಆರನೆಯದೇ ಹೆಚ್ಚಾಗಿ ಸೋಲುತ್ತದೆ. ಒಳ್ಳೆಯ ಕೋಡ್ ಬರೆಯುವವನ ಒರಟುತನ ‘ಅವನ ಸ್ವಭಾವ’ವಾಗಿ, ಹೊಸಬಳೊಬ್ಬಳ ಪ್ರಶ್ನೆ ‘ಎದುರು ಮಾತು’ ಆಗಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಕಾಯಂ ಸರ್ಕಾರಿ ನೌಕರರಿಗೆ 1975ರ ಸ್ಕೆಲ್ಲಿ ತೀರ್ಪಿನಿಂದ ಇನ್ನಷ್ಟು ರಕ್ಷೆಯಿದೆ. ವಜಾದಂಥ ಕ್ರಮಕ್ಕೆ ಮೊದಲೇ ಆರೋಪ, ಅದರ ಆಧಾರ ಕೈಗೆ ಕೊಟ್ಟು ಉತ್ತರಿಸಲು ಅವಕಾಶ ಕೊಡಬೇಕು.

ಕರ್ನಾಟಕದಲ್ಲಿ ಕಾರ್ಖಾನೆಗಳನ್ನು ಕಂಡವರಿಗೆ ಇದು ಪರಿಚಿತ. 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಮಾದರಿ ನಿಯಮಗಳಲ್ಲಿ ದುರ್ನಡತೆಯ ಪಟ್ಟಿಯ ಮೊದಲ ಸಾಲೇ, ಒಬ್ಬನಾಗಿಯೋ ಇತರರ ಜೊತೆ ಸೇರಿಯೋ ಮೇಲಧಿಕಾರಿಯ ನ್ಯಾಯವಾದ ಆದೇಶವನ್ನು ಬೇಕೆಂದೇ ಮೀರುವುದು ಎಂದಿತ್ತು. ಆದರೆ ಅದಕ್ಕೆ ಚಾರ್ಜ್‌ಶೀಟ್ ಕೊಡಬೇಕಿತ್ತು, ವಿವರಣೆ ಪಡೆಯಬೇಕಿತ್ತು, ಆಂತರಿಕ ವಿಚಾರಣೆ ನಡೆಸಬೇಕಿತ್ತು. ಅದನ್ನು ಬಿಟ್ಟು ಬಂದ ಕನ್ನಡಿಗನಿಗೆ, ಒಂದು ಮಧ್ಯಾಹ್ನದ ಹದಿನೈದು ನಿಮಿಷದ ವಿಡಿಯೊ ಕರೆಯಲ್ಲಿ ಕೆಲಸ ಮುಗಿದುಹೋಗುವ ಇಲ್ಲಿಯ ರೀತಿ ಕಂಗಾಲು ಮಾಡುತ್ತದೆ.

ಬೇ ಏರಿಯಾದ ಕನ್ನಡಿಗರು

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ, ಸ್ಯಾನ್ ರಮೋನ್ ಕಡೆಯ ಕನ್ನಡ ಕುಟುಂಬಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಹೋದರೆ ಹೆಚ್ಚೆಂದರೆ 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ವೀಸಾದ ಬಗೆ ಬದಲಿಸಬೇಕು, ಇಲ್ಲವೇ ದೇಶ ಬಿಡಬೇಕು. ಮಕ್ಕಳ ಶಾಲೆ, ಮನೆಯ ಸಾಲ ಎಲ್ಲ ಆ ಅರವತ್ತು ದಿನದ ಮೇಲೆ ನಿಂತಿರುತ್ತವೆ. ಹಾಗಾಗಿ ಒಲ್ಲೆನೆನ್ನುವ ಹಕ್ಕು ಕಾಗದದಲ್ಲಿ ಎಲ್ಲರಿಗೂ ಇದ್ದರೂ ಬಾಯಿಗೆ ಬರುವುದು ಎಲ್ಲರಿಗೂ ಒಂದೇ ಸಮನಾಗಿ ಅಲ್ಲ.

ಮಾತಿನ ರೀತಿಯೂ ಇದೆ. ನಾವು ಹಿರಿಯರಿಗೆ ಮುಖಕ್ಕೆ ಹೊಡೆದಂತೆ ಆಗಲ್ಲ ಎನ್ನುವುದಿಲ್ಲ. ‘ನೋಡೋಣ ಸರ್’ ಎನ್ನುತ್ತೇವೆ. ಬೆಂಗಳೂರಿನ ಮ್ಯಾನೇಜರ್‌ಗೆ ಆ ‘ನೋಡೋಣ’ದ ಎಳೆತ ಕೇಳಿದ ಕೂಡಲೇ ಇದು ಆಗದ ಕೆಲಸವೆಂದು ತಿಳಿಯುತ್ತದೆ. ಸನಿವೇಲ್‌ನ ಅಮೆರಿಕನ್ ಮ್ಯಾನೇಜರ್‌ಗೆ ಅದು ಇಂಗ್ಲಿಷಿಗೆ ಬಂದಾಗ ಒಪ್ಪಿಗೆಯಂತೆ ಕೇಳುತ್ತದೆ. ಎರಡು ವಾರ ಕಳೆದು ಕೆಲಸ ಆಗಿಲ್ಲವೆಂದು ಕಂಡಾಗ ಅವರು ಬರೆಯುವುದು, ಒಪ್ಪಿಕೊಂಡು ಬೇಕೆಂದೇ ಮಾಡಲಿಲ್ಲ ಎಂದು. ಕನ್ನಡಿಗನ ಪ್ರಕಾರ ಅಂದೇ ಆಗದೆಂದು ಹೇಳಿಯಾಗಿತ್ತು. ಇಬ್ಬರೂ ಸುಳ್ಳಾಡಿಲ್ಲ. ಬಂದ ಹೊಸತರಲ್ಲಿ ಹಳಬರು ಹೇಳಿಕೊಡುವುದುಂಟು: ಮೀಟಿಂಗ್ ಮುಗಿದ ಮೇಲೆ ಎರಡು ಸಾಲಿನ ಮೇಲ್ ಹಾಕು, ‘ಈ ಕೆಲಸಕ್ಕೆ ಇಂತಿಂಥ ಅಡ್ಡಿಯಿದೆ, ಇದು ಸರಿಹೋಗುವವರೆಗೆ ಶುರುಮಾಡಲಾರೆ, ಬೇರೆ ದಾರಿ ಇದ್ದರೆ ತಿಳಿಸಿ’ ಎಂದು. ಹೆಸರು ಹಿಡಿದು ಕರೆಯುವ ಸಲಿಗೆ ಕಂಡು ಮಾತಿನಲ್ಲೂ ಸಲಿಗೆ ತೆಗೆದುಕೊಳ್ಳಬೇಡ ಎಂದೂ ಅವರು ಸೇರಿಸುತ್ತಾರೆ. ಇಲ್ಲಿ ಬಾಸ್‌ನನ್ನು ‘ಮೈಕ್’ ಎಂದು ಕೂಗಬಹುದು, ಆದರೂ ವರ್ಷದ ಕೊನೆಗೆ ರೇಟಿಂಗ್ ಬರೆಯುವವನು ಆ ಮೈಕನೇ.